ಗೋಡೆ ಮೇಲಿನ ಸರ್ಟಿಫಿಕೇಟ್ ನೋಡಿ ಮಂಡಿ ಆಪರೇಷನ್‌ಗೆ ಹೋಗಬಹುದಾ?

ಪ್ರಶ್ನೆ: ಮೈಸೂರಿನ ಗೋಕುಲಂನಲ್ಲಿ ನಮ್ಮ ಮನೆ. ಮಹಡಿ ಮೇಲಿನ ಎರಡು ರೂಮು ಯೋಗ ಕಲಿಯಲು ಬರುವ ವಿದೇಶಿಯರಿಗೆ ಕೊಡುತ್ತೇವೆ. ಇಂಗ್ಲೆಂಡಿನ ಒಬ್ಬರು ಏಳೆಂಟು ವರ್ಷದಿಂದ ಬರುತ್ತಿದ್ದಾರೆ. ಈಗ 63 ವಯಸ್ಸು, ನನ್ನನ್ನು ಅಕ್ಕ ಅಂತಲೇ ಕರೆಯುವುದು. ಅವರ ಬಲ ಮಂಡಿ ಪೂರ್ತಿ ಸವೆದಿದೆ. ಅಲ್ಲಿ ಸರದಿ ಬರಲು ತಿಂಗಳುಗಟ್ಟಲೆ ಕಾಯಬೇಕಂತೆ, ಮೈಸೂರಿನಲ್ಲೇ ಮಂಡಿ ಬದಲಾಯಿಸಿಕೊಳ್ಳುತ್ತೇನೆ ಅನ್ನುತ್ತಿದ್ದಾರೆ. ಅವರ ಮಗಳು ಮಾತ್ರ ಜೆಸಿಐ ಮಾನ್ಯತೆ ಇಲ್ಲದ ಆಸ್ಪತ್ರೆ ಬೇಡವೇ ಬೇಡ ಅಂತ ಹಟ ಹಿಡಿದಿದ್ದಾಳೆ. ಇಲ್ಲಿ ಎಲ್ಲಿ ನೋಡಿದರೂ ಎನ್‌ಎಬಿಎಚ್ ಮಾನ್ಯತೆಯ ಬೋರ್ಡು. ಏನು ವ್ಯತ್ಯಾಸ? ಬೋರ್ಡ್ ನಂಬಬಹುದಾ? ಇನ್ನೊಂದು ಮಾತು, ಒಬ್ಬ ಏಜೆಂಟ್ 'ಪೇಷೆಂಟ್ ಕಳಿಸಿ ಮೇಡಂ, ನಿಮಗೂ ಪರ್ಸೆಂಟೇಜ್ ಇರುತ್ತೆ' ಅಂದ. ತಗೋಬಹುದಾ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ, ಅದು ಸುಲಭ. ಆ ದುಡ್ಡು ಮುಟ್ಟಬೇಡಿ. ರೋಗಿಯನ್ನು ಕಳಿಸಿದ್ದಕ್ಕೆ ಡಾಕ್ಟರು ಕಮಿಷನ್ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು ಅಂತ ವೈದ್ಯರ ನಡವಳಿಕೆಯ 2002ರ ನಿಯಮಗಳಲ್ಲೇ ಇದೆ. ನೀವು ಡಾಕ್ಟರಲ್ಲ, ನಿಮಗೆ ಅದು ತಗಲುವುದಿಲ್ಲ ಅಂತ ಏಜೆಂಟ್ ವಾದ ಮಾಡಬಹುದು. ಇರಲಿ. ಆದರೆ ಆ ಪರ್ಸೆಂಟೇಜ್ ಅವನ ಜೇಬಿನಿಂದ ಬರುವುದಿಲ್ಲ, ನಿಮ್ಮನ್ನು ಅಕ್ಕ ಅನ್ನುವವರ ಬಿಲ್ಲಿನಿಂದ ಬರುತ್ತದೆ. ನಾಳೆ ಅವರು ಬಿಲ್ ಹಿಡಿದುಕೊಂಡು ಇದು ಯಾಕೆ ಇಷ್ಟು ಜಾಸ್ತಿ ಅಂತ ನಿಮ್ಮನ್ನೇ ಕೇಳಿದರೆ? ಮಧ್ಯದವರು ಬೇಕೇ ಬೇಕು ಅನ್ನಿಸಿದರೆ, ವಿದೇಶಿ ರೋಗಿಗಳಿಗೆ ನೆರವಾಗುವ ಸಂಸ್ಥೆಗಳನ್ನು ಪರಿಶೀಲಿಸಿ ಪಟ್ಟಿಗೆ ಸೇರಿಸುವ ಕೆಲಸವನ್ನೂ ಎನ್‌ಎಬಿಎಚ್ ಮಾಡುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯಾ ಅಂತ ಏಜೆಂಟನ್ನು ಕೇಳಿ ನೋಡಿ. ಫೋನ್ ಇಟ್ಟುಬಿಡುತ್ತಾನೆ ಅಂತ ನನ್ನ ಅಂದಾಜು.

ಈಗ ಬೋರ್ಡಿನ ವಿಷಯ. ನಾನು ಮೊದಲು ಸ್ಟಾಫ್ ನರ್ಸ್ ಆಗಿದ್ದವಳು, ಆಮೇಲೆ ಹದಿಮೂರು ವರ್ಷ ಈ ಕಡೆಯ ಆಸ್ಪತ್ರೆಗಳಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಂಡೆ. ಆ ಬೋರ್ಡ್ ಗೋಡೆ ಹತ್ತುವ ಮುಂಚೆ ಏನೇನು ಒದ್ದಾಟ ನಡೆಯುತ್ತದೋ ಅದೆಲ್ಲ ನನ್ನ ತಲೆ ಮೇಲೇ ಬಿದ್ದಿತ್ತು.

ಜೆಸಿಐ ಅಂದರೆ ಜಾಯಿಂಟ್ ಕಮಿಷನ್ ಇಂಟರ್‌ನ್ಯಾಷನಲ್. ಅಮೆರಿಕದ ಆಸ್ಪತ್ರೆಗಳನ್ನು ಪರಿಶೀಲಿಸಲು 1951ರಲ್ಲಿ ಹುಟ್ಟಿದ ಸಂಸ್ಥೆ ಬೇರೆ ದೇಶಗಳಿಗಾಗಿ ಆಮೇಲೆ ಮಾಡಿಕೊಂಡ ಕವಲು ಅದು. ಅಮೆರಿಕದ ಹೊರಗೆ ಮೊದಲ ಮಾನ್ಯತೆ 1999ರಲ್ಲಿ ಬ್ರೆಜಿಲ್‌ನ ಒಂದು ಆಸ್ಪತ್ರೆಗೆ ಸಿಕ್ಕಿತು, ನಮ್ಮ ದೇಶದಲ್ಲಿ ಮೊದಲು ಪಡೆದದ್ದು ದಿಲ್ಲಿಯ ಇಂದ್ರಪ್ರಸ್ಥ ಅಪೋಲೊ, 2005ರಲ್ಲಿ. ಇದನ್ನು ಮಾಡಿಸಿಕೊಳ್ಳಲು ಖರ್ಚು ಜಾಸ್ತಿ, ಎಲ್ಲ ಡಾಲರ್ ಲೆಕ್ಕ. ಅದಕ್ಕೇ ಬೆಂಗಳೂರು, ಚೆನ್ನೈ, ದಿಲ್ಲಿಯಂಥ ಊರುಗಳ ದೊಡ್ಡ ಆಸ್ಪತ್ರೆಗಳಲ್ಲೇ ಇದು ಹೆಚ್ಚಾಗಿ ಕಾಣುವುದು. ಎನ್‌ಎಬಿಎಚ್ ಅಂದರೆ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ನಮ್ಮ ದೇಶದ ಸಂಸ್ಥೆ, ಭಾರತೀಯ ಗುಣಮಟ್ಟ ಮಂಡಳಿಯ ಕೆಳಗೆ ಬರುತ್ತದೆ. ಅದರ ಮಾನದಂಡಗಳನ್ನು ಇಸ್ಕ್ವಾ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಪರಿಶೀಲಿಸಿ ಒಪ್ಪಿದೆ. ಮಗಳಿಗೆ ಈ ಒಂದು ಮಾತು ಕಳಿಸಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ವಿದೇಶಿ ವಿಮೆ ಕಂಪನಿ ದುಡ್ಡು ಕಟ್ಟುವುದಾದರೆ ಅವರು ಯಾವ ಮಾನ್ಯತೆ ಕೇಳುತ್ತಾರೆ ಅಂತ ಮೊದಲೇ ಬರಹದಲ್ಲಿ ತಿಳಿದುಕೊಳ್ಳಬೇಕು. ಕೈಯಿಂದ ಕಟ್ಟುವುದಾದರೆ ಮಂಡಿ ಆಪರೇಷನ್‌ಗೆ ಜೆಸಿಐನೇ ಆಗಬೇಕು ಅನ್ನುವ ಹಟಕ್ಕೆ ನನಗೆ ಕಾರಣ ಕಾಣುವುದಿಲ್ಲ.

ನಿಜವಾದ ತೊಂದರೆ ಬೇರೆ ಕಡೆ ಇದೆ. ಎಲ್ಲ ಎನ್‌ಎಬಿಎಚ್ ಬೋರ್ಡೂ ಒಂದೇ ಅಲ್ಲ.

ಪೂರ್ತಿ ಮಾನ್ಯತೆ ಅಂತ ಒಂದು ಇದೆ. ಎಂಟ್ರಿ ಲೆವೆಲ್ ಅಂತ ಇನ್ನೊಂದು. ಎಂಟ್ರಿ ಲೆವೆಲ್ ಅಂದರೆ ಮೊದಲ ಮೆಟ್ಟಿಲು, ಅದರಲ್ಲಿ ಕೇಳುವ ಅಂಶಗಳು ಬಹಳ ಕಮ್ಮಿ. ವಿಮೆಯ ಕ್ಯಾಶ್‌ಲೆಸ್ ಪಟ್ಟಿಗೆ ಸೇರಲು ಬೇಕು ಅಂತ ಅದನ್ನು ಮಾಡಿಸಿಕೊಂಡು ಅಲ್ಲೇ ನಿಂತ ಆಸ್ಪತ್ರೆಗಳು ಬೇಕಾದಷ್ಟಿವೆ. ಅದು ತಪ್ಪೇನಲ್ಲ, ಆದರೆ ದೂರದಿಂದ ನೋಡಿದರೆ ಲೋಗೋ ಎರಡೂ ಒಂದೇ ಥರ ಕಾಣುತ್ತದೆ ನೋಡಿ. 50 ಹಾಸಿಗೆವರೆಗಿನ ಚಿಕ್ಕ ಆಸ್ಪತ್ರೆಗಳಿಗೆ ಬೇರೆಯದೇ ಮಾನದಂಡ. ಲ್ಯಾಬಿಗೆ ಸಿಗುವ ಎನ್‌ಎಬಿಎಲ್ ಬೇರೆ, ಅದು ರಕ್ತ ಪರೀಕ್ಷೆಯ ವಿಷಯ, ಆಪರೇಷನ್ ಥಿಯೇಟರಿಗೂ, ಅಂದರೆ ಓಟಿಗೂ, ಅದಕ್ಕೂ ಸಂಬಂಧವಿಲ್ಲ. ಐಎಸ್‌ಓ 9001 ಅಂತ ದೊಡ್ಡದಾಗಿ ಬರೆಸಿಕೊಂಡಿರುತ್ತಾರಲ್ಲ, ಅದು ಬಿಸ್ಕತ್ ಫ್ಯಾಕ್ಟರಿಗೂ ಸಿಗುತ್ತದೆ. ಕೆಪಿಎಂಇ ನಂಬರ್ ಅಂತ ಹಾಕಿರುತ್ತಾರೆ, ಅದು ಖಾಸಗಿ ಆಸ್ಪತ್ರೆಗಳಿಗೆ ನಮ್ಮ ರಾಜ್ಯದ 2007ರ ಕಾಯ್ದೆಯ ಪ್ರಕಾರ ಇರಲೇಬೇಕಾದ ನೋಂದಣಿ. ಗಾಡಿಗೆ ಆರ್‌ಸಿ ಇದ್ದ ಹಾಗೆ. ಇದೆ ಅಂತ ಹೆಚ್ಚುಗಾರಿಕೆ ಇಲ್ಲ, ಇಲ್ಲದಿದ್ದರೆ ಮಾತ್ರ ಅಲ್ಲಿಂದ ಎದ್ದು ಬನ್ನಿ.

ಆಮೇಲೆ ಈ ಮಾನ್ಯತೆ ಕೊಡುವುದು ಒಂದು ವಿಳಾಸಕ್ಕೆ. ಒಂದೇ ಹೆಸರಿನ ಆಸ್ಪತ್ರೆಗೆ ಬೆಂಗಳೂರಿನಲ್ಲಿ ಎರಡು, ಮೈಸೂರಿನಲ್ಲಿ ಒಂದು ಬ್ರಾಂಚ್ ಇದ್ದರೆ ಮೂರಕ್ಕೂ ಬೇರೆ ಬೇರೆ ಬೇಕು. ಜಾಹೀರಾತಿನಲ್ಲಿ ಇದನ್ನು ತೇಲಿಸಿಬಿಡುತ್ತಾರೆ. ರಿಸೆಪ್ಷನ್‌ಗೆ ಹೋಗಿ, ಸರ್ಟಿಫಿಕೇಟ್ ಹತ್ತಿರ ನಿಂತು ಮೂರು ಸಾಲು ಓದಿ: ವಿಳಾಸ, ಎಲ್ಲಿವರೆಗೆ ಚಾಲ್ತಿ ಅನ್ನುವ ತಾರೀಕು, ಯಾವ ಯಾವ ಚಿಕಿತ್ಸೆಗೆ ಅನ್ನುವ ಪಟ್ಟಿ. ಆ ಪಟ್ಟಿಯಲ್ಲಿ ಮೂಳೆ ವಿಭಾಗ ಇರಬೇಕು. ಮನೆಗೆ ಬಂದು ಎನ್‌ಎಬಿಎಚ್ ವೆಬ್‌ಸೈಟಿನಲ್ಲಿ ಅದೇ ಹೆಸರು ಹುಡುಕಿ. ಹತ್ತು ನಿಮಿಷದ ಕೆಲಸ, ಆದರೆ ಮಾಡುವವರನ್ನು ನಾನು ನೋಡಿದ್ದು ಕಮ್ಮಿ. ಸೀರೆ ತೆಗೆಯುವಾಗ ಸಿಲ್ಕ್ ಮಾರ್ಕ್ ನೋಡದೆ ಬಿಲ್ ಹಾಕಿಸುವವರಲ್ಲ ನಾವು, ಆಸ್ಪತ್ರೆಯಲ್ಲಿ ಮಾತ್ರ ಸುಮ್ನೆ ತಲೆಯಾಡಿಸಿ ಒಳಗೆ ಹೋಗುತ್ತೇವೆ.

ಸರಿ, ಪೂರ್ತಿ ಮಾನ್ಯತೆ ಇದೆ ಅಂತ ಇಟ್ಟುಕೊಳ್ಳಿ. ಅದು ಏನನ್ನು ಹೇಳುತ್ತದೆ? 2025ರಲ್ಲಿ ಬಂದ ಎನ್‌ಎಬಿಎಚ್ ಮಾನದಂಡಗಳ ಆರನೇ ಆವೃತ್ತಿಯಲ್ಲಿ ಹತ್ತು ಅಧ್ಯಾಯ, 639 ಅಂಶಗಳಿವೆ. ಔಷಧ ಎಲ್ಲಿಡಬೇಕು, ಸೋಂಕು ಹೇಗೆ ತಡೆಯಬೇಕು, ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಇದೆಯಾ, ಬೆಂಕಿ ಬಿದ್ದರೆ ಯಾರು ಎಲ್ಲಿ ಓಡಬೇಕು, ಹೀಗೆ. ಸರ್ಜನ್ ಕೈ ಚೆನ್ನಾಗಿದೆಯಾ ಅಂತ ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ. ಯಾರದ್ದೋ ಕೈ ತಪ್ಪಿದಾಗ ಅದನ್ನು ಹಿಡಿಯಲು ಇನ್ನೊಂದು ಕೈ ಅಲ್ಲಿ ಇದೆಯಾ ಅನ್ನುವುದನ್ನು ಅದು ನೋಡುತ್ತದೆ. ನನ್ನ ಪ್ರಕಾರ ಬೋರ್ಡಿನ ಬೆಲೆ ಇಷ್ಟೇ, ಆದರೆ ಇದು ಸಣ್ಣದೇನಲ್ಲ.

ಒಂದು ಘಟನೆ ಹೇಳುತ್ತೇನೆ, ಆಸ್ಪತ್ರೆಯ ಹೆಸರು ಬೇಡ. ನಮ್ಮ ಮೊದಲ ಅಸೆಸ್‌ಮೆಂಟ್, ಅಂದರೆ ಮಾನ್ಯತೆ ಕೊಡುವ ಮುಂಚಿನ ತಪಾಸಣೆ. ಎರಡು ವಾರ ಮುಂಚಿನಿಂದಲೇ ಮದುವೆ ಮನೆ ಗಲಾಟೆ. ಗೋಡೆಗೆಲ್ಲ ಬಣ್ಣ, ಮೆಟ್ಟಿಲ ಹತ್ತಿರ ಹೊಸ ಕುಂಡ, ಬೆಂಕಿ ಆರಿಸುವ ಸಿಲಿಂಡರ್ ಹೇಗೆ ಹಿಡಿಯುವುದು ಅಂತ ಸೆಕ್ಯೂರಿಟಿಯಿಂದ ಹಿಡಿದು ಕ್ಯಾಂಟೀನ್ ಹುಡುಗನವರೆಗೆ ಎಲ್ಲರಿಗೂ ಬಾಯಿಪಾಠ. ಬಂದ ಅಸೆಸರ್ ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ. ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದ ಆಯಮ್ಮನ ಮುಂದೆ ನಿಂತು, ಇಲ್ಲಿ ರಕ್ತ ಚೆಲ್ಲಿದರೆ ಏನು ಮಾಡುತ್ತೀರಿ ಅಂತ ಕೇಳಿದರು. ನನ್ನ ಎದೆ ಡವಡವ. ಆಯಮ್ಮ ಒರೆಸುವುದನ್ನೂ ನಿಲ್ಲಿಸಲಿಲ್ಲ. 'ಗ್ಲೌಸ್ ಹಾಕ್ಕತೀನಿ ಸಾ. ಪೇಪರ್ ಮುಚ್ಚಿ ಹೈಪೋ ಉಯ್ತೀನಿ. ವಸಿ ಹೊತ್ತು ಬುಟ್ಟು ತೆಗ್ದು ಹಳದಿ ಕವರ್‌ಗೆ ಹಾಕ್ತೀನಿ. ಇನ್ನೇನ್ ಮಾಡಾಕಾಯ್ತದೆ?' ಹೈಪೋ ಅಂದರೆ ಕ್ರಿಮಿ ಸಾಯಿಸುವ ದ್ರಾವಣ. ಪುಸ್ತಕದಲ್ಲಿ ಇರುವುದೂ ಅದೇ.

ಅಲ್ಲಿಂದ ಬಟ್ಟೆ ಬದಲಿಸಿ ಓಟಿ ಒಳಗೆ ಹೋದರು. ಆಪರೇಷನ್‌ಗೆ ಮೂರು ಹಂತದ ಒಂದು ಚೆಕ್‌ಲಿಸ್ಟ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಕೊಟ್ಟಿದ್ದು, 19 ಅಂಶ. ಅರಿವಳಿಕೆ ಕೊಡುವ ಮುಂಚೆ ಒಂದು ಹಂತ, ಬ್ಲೇಡ್ ಇಡುವ ಮುಂಚೆ ಒಂದು, ರೋಗಿಯನ್ನು ಓಟಿಯಿಂದ ಹೊರಗೆ ಕಳಿಸುವ ಮುಂಚೆ ಒಂದು. ನಡುವಿನದಕ್ಕೆ ಟೈಮ್ ಔಟ್ ಅನ್ನುತ್ತೇವೆ. ಎಲ್ಲರೂ ಕೈ ನಿಲ್ಲಿಸಿ, ಯಾರು ಈ ರೋಗಿ, ಯಾವ ಆಪರೇಷನ್, ಯಾವ ಕಡೆ ಅಂತ ಬಾಯಿ ಬಿಟ್ಟು ಹೇಳಬೇಕು. ಅಸೆಸರ್ ಫೈಲ್ ತೆಗೆದು ನೋಡಿದರೆ ಮೂರು ಹಂತಕ್ಕೂ ಟಿಕ್ ಬಿದ್ದಿದೆ. ಮಾಪ್ (ಆಪರೇಷನ್‌ನಲ್ಲಿ ರಕ್ತ ಹೀರಲು ಒಳಗಿಡುವ ಬಟ್ಟೆ) ಎಣಿಸಿದ್ದೇವೆ, ಲೆಕ್ಕ ಸರಿ ಇದೆ ಅಂತ ಕೆಳಗೆ ಸಹಿಯೂ ಇದೆ. ರೋಗಿ ಇನ್ನೂ ಟೇಬಲ್ ಮೇಲೇ ಇದ್ದಾರೆ. ಎಣಿಸಬೇಕಾದ ಮಾಪ್ ಇನ್ನೂ ಹೊಟ್ಟೆಯೊಳಗಿದೆ.

ಆ ದಿನ ನನಗೆ ಬಿದ್ದ ಬೈಗುಳ ಇವತ್ತಿಗೂ ನೆನಪಿದೆ, ಬೈದದ್ದು ಅಸೆಸರ್ ಅಲ್ಲ, ಸರ್ಜನ್. ಆದರೆ ಆಮೇಲೆ ಆದದ್ದು ಕೇಳಿ. ಅದೇ ಓಟಿಯಲ್ಲಿ ಆರು ತಿಂಗಳೊಳಗೆ ಒಂದು ಪದ್ಧತಿ ಬಂತು. ಟೈಮ್ ಔಟ್ ಆಗದೆ ಸಿಸ್ಟರ್ ಬ್ಲೇಡ್ ಕೊಡುತ್ತಿರಲಿಲ್ಲ. ಟ್ರೇ ಮೇಲೆ ಕೈ ಅಡ್ಡ ಇಟ್ಟುಕೊಂಡು ನಿಂತುಬಿಡುವರು. ಇಪ್ಪತ್ತೈದು ವರ್ಷದ ಹುಡುಗಿ, ಎದುರಿಗೆ ಅವಳ ಅಪ್ಪನ ವಯಸ್ಸಿನ ಸರ್ಜನ್. ಆ ಹುಡುಗಿಗೆ ಹಾಗೆ ನಿಲ್ಲುವ ಧೈರ್ಯ ಬಂದದ್ದು ಆ ಸರ್ಟಿಫಿಕೇಟಿನ ದೆಸೆಯಿಂದ. ಹಾಗಾಗಿ ಇದೆಲ್ಲ ಬರೀ ಕಾಗದದ ಆಟ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ, ಬೋರ್ಡ್ ಇದ್ದರೆ ಸಾಕು ಅಂದರೂ ಒಪ್ಪುವುದಿಲ್ಲ. ಅಸೆಸರ್ ಬರುವುದು ಯಾವಾಗಲೋ ಎರಡು ಮೂರು ದಿನ, ನಿಮ್ಮ ಅತಿಥಿ ಆಪರೇಷನ್‌ಗೆ ಮಲಗುವುದು ಅದಲ್ಲದ ಒಂದು ಮಂಗಳವಾರ.

ಆ ಮಂಗಳವಾರ ಹೇಗಿರುತ್ತದೆ ಅಂತ ಹೊರಗಿನವರಿಗೆ ತಿಳಿಯುವುದು ಹೇಗೆ? ಕಷ್ಟವೇನಿಲ್ಲ. ಒಂದು ಸಂಜೆ ವಿಸಿಟಿಂಗ್ ಟೈಮಿನಲ್ಲಿ ಹೋಗಿ ಅರ್ಧ ಗಂಟೆ ಕೂತುಕೊಳ್ಳಿ. ಔಷಧ ಕೊಡಲು ಬರುವ ಸಿಸ್ಟರ್ ರೋಗಿಯ ಹೆಸರು ಹೇಗೆ ಕೇಳುತ್ತಾರೆ ಅಂತ ಗಮನಿಸಿ. 'ಜಯಮ್ಮ ಅಲ್ವಾ?' ಅಂದರೆ ತಪ್ಪು, ಅರೆನಿದ್ದೆಯಲ್ಲಿ ಇರುವವರು ಯಾವುದಕ್ಕೂ ಹೂಂ ಅನ್ನುತ್ತಾರೆ. 'ನಿಮ್ಮ ಹೆಸರು ಹೇಳಿ' ಅಂತ ಕೇಳಿ, ಕೈಗೆ ಕಟ್ಟಿದ ಪಟ್ಟಿಯ ನಂಬರನ್ನು ಹಾಳೆಗೆ ಹೋಲಿಸಿದರೆ ಸರಿ. ಬೆಡ್ ನಂಬರ್ ಲೆಕ್ಕಕ್ಕೆ ಬರುವುದಿಲ್ಲ, ಬೆಡ್ ಬದಲಾಗುತ್ತಿರುತ್ತದೆ. ಮಂಡ್ಯದಲ್ಲಿ ಕೆಲಸ ಮಾಡುವಾಗ ನನ್ನ ಒಂದೇ ವಾರ್ಡಿನಲ್ಲಿ ಮೂವರು ಜಯಮ್ಮ ಇದ್ದರು, ಅದರಲ್ಲಿ ಇಬ್ಬರ ಗಂಡನ ಹೆಸರೂ ಸಿದ್ದೇಗೌಡ. ಈ ಎರಡು ಗುರುತಿನ ನಿಯಮ ಯಾಕೆ ಮಾಡಿದ್ದಾರೆ ಅಂತ ನನಗೆ ಅಲ್ಲೇ ಅರ್ಥವಾಗಿದ್ದು. ನಿಮ್ಮ ಅತಿಥಿಗೆ ಬೇರೆ ತರಹದ ತೊಂದರೆ ಆಗಬಹುದು. ನಮ್ಮ ಕೌಂಟರ್‌ನವರು ಮನೆತನದ ಹೆಸರನ್ನು ಮುಂದೆ, ಸ್ವಂತ ಹೆಸರನ್ನು ಹಿಂದೆ ಮಾಡಿ ಬರೆದುಬಿಡುತ್ತಾರೆ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಬರೆಸಿ, ಇಲ್ಲದಿದ್ದರೆ ಆಮೇಲೆ ಬಿಲ್ಲಿನಿಂದ ಹಿಡಿದು ವೀಸಾ ಕಾಗದದವರೆಗೆ ಎಲ್ಲ ಕಡೆ ಅಲೆದಾಟ.

ಅಲ್ಲೇ ಕೂತಿರುವಾಗ ಡಾಕ್ಟರು ಒಂದು ಬೆಡ್ಡಿನಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಕೈ ಉಜ್ಜಿಕೊಳ್ಳುತ್ತಾರಾ ನೋಡಿ. ಸ್ಯಾನಿಟೈಸರ್ ಬಾಟಲಿ ಬೆಡ್ ಪಕ್ಕದಲ್ಲೇ ತೂಗುತ್ತಿರುತ್ತದೆ. ಅದು ತುಂಬಿ ತುಳುಕುತ್ತಿದ್ದು, ಮೇಲೆ ಧೂಳು ಕೂತಿದ್ದರೆ ಅರ್ಥ ಮಾಡಿಕೊಳ್ಳಿ.

ಇನ್ನು ಸರ್ಜನ್ ಹತ್ತಿರ ಕೇಳಬೇಕಾದ ಒಂದು ಪ್ರಶ್ನೆ ಇದೆ. ಮುಜುಗರ ಪಡದೆ ಕೇಳಿ. ಕಳೆದ ವರ್ಷ ನಿಮ್ಮಲ್ಲಿ ಎಷ್ಟು ಮಂಡಿ ಬದಲಿಸಿದಿರಿ, ಅದರಲ್ಲಿ ಎಷ್ಟಕ್ಕೆ ಸೋಂಕಾಯಿತು, ಎಷ್ಟು ದಿನದವರೆಗೆ ಲೆಕ್ಕ ಇಟ್ಟಿರಿ? ಕೃತಕ ಮಂಡಿ ಹಾಕಿದ ಮೇಲೆ 90 ದಿನ ಸೋಂಕಿನ ಮೇಲೆ ಕಣ್ಣಿಡುವುದು ಪದ್ಧತಿ. 'ನಮ್ಮಲ್ಲಿ ಇನ್ಫೆಕ್ಷನ್ನೇ ಇಲ್ಲ, ಜೀರೋ' ಅಂತ ತಕ್ಷಣ ನಕ್ಕು ಹೇಳಿದರೆ ನನಗೆ ಅನುಮಾನ. ಕಡಿಮೆ ಆಪರೇಷನ್ ಮಾಡಿದ ವರ್ಷ ಸೊನ್ನೆ ಬರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಬಹಳ ಸಲ ಸೊನ್ನೆ ಬರುವುದು ಯಾರೂ ಎಣಿಸದೆ ಇರುವುದರಿಂದ. ಹೊಲಿಗೆ ಬಿಚ್ಚಿದ ದಿನಕ್ಕೆ ಲೆಕ್ಕ ಮುಗಿಸಿಬಿಟ್ಟಿರುತ್ತಾರೆ. ಅದೇ ಇನ್ನೊಬ್ಬರು ಕಂಪ್ಯೂಟರ್ ತೆಗೆದು, ಇಷ್ಟು ಆಪರೇಷನ್, ಅದರಲ್ಲಿ ಎರಡು ಸೋಂಕು, ಒಂದು ಶುಗರ್ ಹತೋಟಿಯಲ್ಲಿ ಇರಲಿಲ್ಲ, ಇನ್ನೊಂದರಲ್ಲಿ ಆಂಟಿಬಯಾಟಿಕ್ ಕೊಟ್ಟ ಸಮಯ ತಪ್ಪಿತ್ತು, ಈಗ ಸರಿ ಮಾಡಿಕೊಂಡಿದ್ದೇವೆ ಅಂತ ಹೇಳಿದರು ಅನ್ನಿ. ನಾನಾದರೆ ಅವರ ಹತ್ತಿರವೇ ಆಪರೇಷನ್ ಮಾಡಿಸಿಕೊಳ್ಳುತ್ತೇನೆ. ಚರ್ಮ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಆ ಆಂಟಿಬಯಾಟಿಕ್ ಹೋಗಿರಬೇಕು. ವಾರ್ಡಿನಲ್ಲೇ ಕೊಟ್ಟು ಓಟಿ ಹೊರಗೆ ಮೂರು ಗಂಟೆ ಮಲಗಿಸಿದರೆ ಕೊಟ್ಟೂ ಪ್ರಯೋಜನ ಕಮ್ಮಿ.

ವಿದೇಶಿ ರೋಗಿಗೆ ಈ 90 ದಿನವೇ ದೊಡ್ಡ ತಲೆನೋವು. ನಮ್ಮ ಊರಿನವರಾದರೆ ಮಂಡಿ ಊದಿದ ತಕ್ಷಣ ಆಟೋ ಹತ್ತಿ ಬರುತ್ತಾರೆ. ನಿಮ್ಮ ಅತಿಥಿ ಅಷ್ಟು ಹೊತ್ತಿಗೆ ಇಂಗ್ಲೆಂಡಿನಲ್ಲಿ ಇರುತ್ತಾರೆ. ಅವರ ಮಂಡಿಯಲ್ಲಿ ಯಾವ ಕಂಪನಿಯ ಯಾವ ಸೈಜಿನ ಇಂಪ್ಲಾಂಟ್ (ಕೃತಕ ಮಂಡಿ) ಇದೆ ಅಂತ ಅಲ್ಲಿನ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಇಂಪ್ಲಾಂಟ್ ಡಬ್ಬಿಯ ಜೊತೆ ಸ್ಟಿಕ್ಕರ್ ಬರುತ್ತದೆ, ಅದರಲ್ಲಿ ಬ್ಯಾಚ್ ನಂಬರ್ ಎಲ್ಲ ಇರುತ್ತದೆ. ಒಂದು ಫೈಲಿಗೆ ಅಂಟಿಸುತ್ತಾರೆ. ಇನ್ನೊಂದನ್ನು ಡಿಸ್ಚಾರ್ಜ್ ಸಮ್ಮರಿ ಮೇಲೆ ಅಂಟಿಸಿಕೊಡಿ ಅಂತ ಕೇಳಿ ಪಡೆಯಿರಿ. ಬಿಲ್ಲಿನಲ್ಲೂ ಇಂಪ್ಲಾಂಟಿನ ಬೆಲೆ, ಕಂಪನಿ ಹೆಸರು ಪ್ರತ್ಯೇಕ ಸಾಲಿನಲ್ಲಿ ಇರಬೇಕು. 2017ರ ಆಗಸ್ಟ್‌ನಲ್ಲಿ ಸರ್ಕಾರ ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿದಾಗಲೇ ಇದನ್ನೂ ಹೇಳಿದೆ. 'ಪ್ಯಾಕೇಜ್' ಅಂತ ಒಂದೇ ಮೊತ್ತ ಬರೆದುಕೊಟ್ಟರೆ ಬಿಡಿಸಿ ಬರೆಸಿ. ಹಲವು ಕಡೆ ವಿದೇಶಿಯರಿಗೆ ದರಪಟ್ಟಿಯೇ ಬೇರೆ ಇರುತ್ತದೆ, ಹಾಗಾಗಿ ಅಂದಾಜು ಖರ್ಚು ಅಡ್ಮಿಟ್ ಆಗುವ ಮುಂಚೆ ಕಾಗದದ ಮೇಲೆ ಬರಲಿ. ಊರಿಗೆ ಹೋದ ಮೇಲೆ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು, ವಿಡಿಯೋದಲ್ಲಿ ನೋಡುತ್ತೀರಾ, ಅದಕ್ಕೆ ಬೇರೆ ದುಡ್ಡಾ, ಇದನ್ನೂ ಆಗಲೇ ಕೇಳಿಕೊಳ್ಳಿ. ಈ ಪ್ರಶ್ನೆಗೆ ಇಂಟರ್‌ನ್ಯಾಷನಲ್ ಪೇಷೆಂಟ್ ಡೆಸ್ಕಿನವರು ತಬ್ಬಿಬ್ಬಾದರೆ, ಅವರ ಡೆಸ್ಕ್ ಇರುವುದು ಬರಮಾಡಿಕೊಳ್ಳಲು ಮಾತ್ರ ಅಂತ ತಿಳಿಯಿರಿ.

ವೀಸಾದ್ದು ಚಿಕ್ಕದಾಗಿ ಹೇಳುತ್ತೇನೆ. ವಿದೇಶಿ ಅತಿಥಿಗಳ ವಿವರದ ಫಾರ್ಮ್ ತುಂಬಿ ಕಳಿಸುವವರು ನೀವು, ನಿಮಗೆ ವಿದೇಶಿಯರ ನೋಂದಣಿ ಕಚೇರಿ, ಅಂದರೆ ಎಫ್‌ಆರ್‌ಆರ್‌ಓ, ಹೊಸದೇನಲ್ಲ. ಮೊದಲೇ ಗೊತ್ತುಮಾಡಿದ ಆಪರೇಷನ್‌ಗೆ ಮೆಡಿಕಲ್ ವೀಸಾದಲ್ಲಿ ಬರುವುದೇ ಒಳ್ಳೆಯದು. ಇ-ಮೆಡಿಕಲ್ ವೀಸಾ 60 ದಿನದ್ದು. ಮಂಡಿ ಬದಲಿಸಿದ ಮೇಲೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುವುದರಿಂದ ದೂರದ ವಿಮಾನ ಪ್ರಯಾಣಕ್ಕೆ ಹಲವು ಸರ್ಜನ್‌ಗಳು ಕನಿಷ್ಠ ಆರು ವಾರ ಕಾಯಿಸುತ್ತಾರೆ, ಕೆಲವರು ಮೂರು ತಿಂಗಳೂ ಹೇಳುತ್ತಾರೆ. ಮುಂಚಿನ ಪರೀಕ್ಷೆಗಳಿಗೆ ಒಂದು ವಾರ, ಆಸ್ಪತ್ರೆಯಲ್ಲಿ ಕೆಲವು ದಿನ. ಕೂಡಿಸಿ ನೋಡಿ, 60 ಸಾಲದೆ ಬರಬಹುದು. ಟಿಕೆಟ್ ಮಾಡಿಸುವ ಮುಂಚೆ ಸರ್ಜನ್ ಬಾಯಲ್ಲಿ ಒಂದು ತಾರೀಕು ಹೇಳಿಸಿ. ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ವಿದೇಶಕ್ಕೆ ವಿಮಾನ ಇಲ್ಲ, ಬೆಂಗಳೂರಿನ ದೇವನಹಳ್ಳಿವರೆಗೆ ಕಾರಿನಲ್ಲಿ ನಾಲ್ಕು ಗಂಟೆ ಮಂಡಿ ಮಡಿಸಿ ಕೂರುವುದನ್ನೂ ಪ್ರಯಾಣಕ್ಕೇ ಸೇರಿಸಿಕೊಳ್ಳಿ. ದಾರಿಯಲ್ಲಿ ಎರಡು ಕಡೆಯಾದರೂ ಇಳಿದು ನಡೆಯಬೇಕು.

ಕೊನೆಗೆ ನಿಮ್ಮ ಮನೆ. ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು 'ಮಹಡಿ ಮೇಲಿನ ರೂಮು' ಅನ್ನುವಲ್ಲಿ. ಡಿಸ್ಚಾರ್ಜ್ ಆದ ಮೇಲೆ ರೋಗಿ ಎಲ್ಲಿಗೆ ಹೋಗುತ್ತಾರೆ, ಅಲ್ಲಿ ಏನು ಬೇಕು ಅಂತ ಆಸ್ಪತ್ರೆ ಮೊದಲೇ ಯೋಚಿಸಬೇಕು ಅನ್ನುವುದೂ ಎನ್‌ಎಬಿಎಚ್ ಪುಸ್ತಕದಲ್ಲಿ ಇದೆ, ಆದರೆ ಯಾವ ಅಸೆಸರೂ ಗೋಕುಲಂಗೆ ಬಂದು ನಿಮ್ಮ ಮೆಟ್ಟಿಲು ನೋಡುವುದಿಲ್ಲ. ಆರು ವಾರ ಅವರು ಇರುವುದು ನಿಮ್ಮ ಹತ್ತಿರವೇ ಅಲ್ವಾ? ಮೆಟ್ಟಿಲು ಎಷ್ಟಿದೆ ಎಣಿಸಿ, ಹಿಡಿದುಕೊಳ್ಳಲು ಕಂಬಿ ಎರಡೂ ಕಡೆ ಇದೆಯಾ ನೋಡಿ. ಬಚ್ಚಲಲ್ಲಿ ನೆಲ ಒದ್ದೆ ಇರುತ್ತದಾ, ಕಮೋಡ್ ಎಷ್ಟು ಎತ್ತರ ಇದೆ, ಬಾಗಿಲ ಹತ್ತಿರ ಹೊಸ್ತಿಲು ಎಡವುವಂತಿದೆಯಾ, ಎಲ್ಲ ಫೋನಿನಲ್ಲಿ ಫೋಟೋ ತೆಗೆದು ಆಪರೇಷನ್‌ಗೆ ಮುಂಚೆಯೇ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಆಗದು ಅಂತ ಅವರು ಹೇಳಿದರೆ ಕೆಳಗಿನ ನಿಮ್ಮ ರೂಮನ್ನು ಬಿಟ್ಟುಕೊಟ್ಟು ಒಂದೆರಡು ತಿಂಗಳು ನೀವೇ ಮೇಲೆ ಮಲಗಬೇಕಾಗುತ್ತದೆ.